ಹಳೆ ಮನೆಯ ಅಡುಗೆ ಕಟ್ಟೆಗೆ ಲಿನೋಲಿಯಂ ಹೊದಿಸುವುದು ಹೇಗೆ?

ಲಿನೋಲಿಯಂ ಅಂದರೆ ನೆಲಕ್ಕೆ ಹಾಸುವ ಹಾಳೆ ಎಂದೇ ಹೆಚ್ಚಿನವರ ಲೆಕ್ಕ. ಹಳೆಯ ಮನೆಗಳ ದುರಸ್ತಿಗೆ ಇಳಿದವರಿಗೆ ಮಾತ್ರ ಅದರ ಇನ್ನೊಂದು ಉಪಯೋಗ ಗೊತ್ತು. 1930-40ರ ದಶಕದ ಅಮೆರಿಕದ ಅಡುಗೆಮನೆಗಳಲ್ಲಿ ಕಟ್ಟೆಯ ಮೇಲೆ ಲಿನೋಲಿಯಂ ಅಂಟಿಸಿ, ಅಂಚಿಗೆ ಹೊಳೆಯುವ ಲೋಹದ ಪಟ್ಟಿ ಬಡಿಯುವುದು ಮಾಮೂಲಿಯಾಗಿತ್ತು. ಪ್ಲಾಸ್ಟಿಕ್ ಲ್ಯಾಮಿನೇಟ್ ಬಂದ ಮೇಲೆ ಅದು ಮೂಲೆ ಸೇರಿತು. ಮನೆಯ ಹಳೆಯ ರೂಪ ಕೆಡದಂತೆ ಕಟ್ಟೆ, ಮೇಜು, ಕಪಾಟುಗಳನ್ನು ಸರಿಮಾಡಿಕೊಳ್ಳಬೇಕೆನ್ನುವವರು ಈಗ ಮತ್ತೆ ಅದನ್ನೇ ಕೇಳುತ್ತಿದ್ದಾರೆ.

ಕೆಲಸ ಕಷ್ಟದ್ದೇನಲ್ಲ. ಕೈಪಳಗಿದ ಬಡಗಿಯೇ ಬೇಕೆಂದಿಲ್ಲ, ತಾಳ್ಮೆ ಇದ್ದರೆ ಸಾಕು. ಆದರೆ ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ: ಲಿನೋಲಿಯಂ ಕಟ್ಟೆ ಕೆಡಲು ಶುರುವಾಗುವುದು ಅಂಚಿನಿಂದ. ನಡುವೆ ನೀರು ಚೆಲ್ಲಿದರೆ ಒರೆಸಿದರಾಯಿತು. ಸಿಂಕಿನ ಸುತ್ತ, ಗೋಡೆಯ ಬುಡದಲ್ಲಿ, ಎರಡು ಹಾಳೆ ಸೇರುವ ಸಂದಿಯಲ್ಲಿ ನೀರು ಒಳಗಿಳಿಯಿತೋ, ಹಾಳೆ ಉಬ್ಬಿ ಮೇಲೇಳುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಅಂಟಿಸುವುದಕ್ಕಿಂತ ಅಂಚಿನ ಮಾತೇ ಹೆಚ್ಚು.

ವಸ್ತುವಿನ ಗುಣ ಗೊತ್ತಿರಲಿ

ಅಗಸೆ ಎಣ್ಣೆಯನ್ನು ಗಾಳಿಗೊಡ್ಡಿ ಗಟ್ಟಿ ಮಾಡುತ್ತಾರೆ. ಅದಕ್ಕೆ ಪೈನ್ ಮರದ ರಾಳ, ಕಾರ್ಕ್ ಪುಡಿ, ಮರದ ಪುಡಿ, ಸುಣ್ಣಕಲ್ಲಿನ ಪುಡಿ, ಬಣ್ಣ ಎಲ್ಲ ಕಲಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿ, ಬಿಸಿ ಕೋಣೆಗಳಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುತ್ತಾರೆ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬಿಯೊಳಗೆ ಅಗಸೆ ಎಣ್ಣೆ ಕಟ್ಟಿದ್ದ ಕೆನೆಯಂಥ ಪದರ ನೋಡಿ ಈ ಜಾಡು ಹಿಡಿದವನು. 1863ರಲ್ಲಿ ಪೇಟೆಂಟ್ ತೆಗೆದುಕೊಂಡ, ಮರುವರ್ಷ ಸ್ಟೇನ್ಸ್ ಎಂಬ ಊರಿನಲ್ಲಿ ಕಂಪನಿ ಕಟ್ಟಿದ. ಆಮೇಲೆ ಸ್ಕಾಟ್ಲೆಂಡಿನ ಕರ್ಕಾಡಿ ಈ ಉದ್ಯಮದ ದೊಡ್ಡ ಕೇಂದ್ರವಾಯಿತು. ಅಲ್ಲಿ ಇಂದಿಗೂ ಲಿನೋಲಿಯಂ ತಯಾರಾಗುತ್ತದೆ.

ಈ ಪಾಕವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಬರುವ ಎಚ್ಚರಿಕೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಎಣ್ಣೆ ಇರುವುದರಿಂದ ಕ್ಷಾರ ತಾಗಿದರೆ ಅದು ಸಾಬೂನಾಗಿ ಕರಗತೊಡಗುತ್ತದೆ. ಸೆಣಬು ಇರುವುದರಿಂದ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಕಾರ್ಕ್ ಮತ್ತು ಮರ ಇರುವುದರಿಂದ ಬಿಸಿ ಪಾತ್ರೆ ಇಟ್ಟರೆ ಸುಟ್ಟ ಗುರುತು ಬೀಳುತ್ತದೆ. ಒಳ್ಳೆಯದೂ ಅಲ್ಲೇ ಇದೆ. ಬಣ್ಣ ಮೇಲ್ಪದರದಲ್ಲಷ್ಟೇ ಇರದೆ ಹಾಳೆಯ ಮೈತುಂಬ ಇರುವುದರಿಂದ ಗೀರು ಬಿದ್ದರೂ ಉಜ್ಜಿ ಸರಿಮಾಡಬಹುದು. ಲ್ಯಾಮಿನೇಟ್‌ಗಾಗಲಿ ವಿನೈಲ್‌ಗಾಗಲಿ ಆ ಭಾಗ್ಯವಿಲ್ಲ.

ಮೊದಲ ಹಂತ: ಈಗಿರುವುದು ಏನು ಎಂದು ನೋಡಿ

ಹಳೆ ಕಟ್ಟೆಯ ಹೊದಿಕೆಗೆ ಕೈ ಹಾಕುವ ಮುನ್ನ ಅದು ನಿಜಕ್ಕೂ ಲಿನೋಲಿಯಮ್ಮೋ ಅಲ್ಲವೋ ತಿಳಿದುಕೊಳ್ಳಿ. ಈಗಾಗಲೇ ಮುರಿದ ಮೂಲೆ, ಲೋಹದ ಪಟ್ಟಿ ಸಡಿಲಾದ ಜಾಗ, ಸಿಂಕಿನ ಅಡಿ, ಇಂಥ ಕಡೆ ಬಗ್ಗಿ ನೋಡಿ. ಹಿಂಬದಿಯಲ್ಲಿ ಗೋಣಿಯ ಒರಟು ನೇಯ್ಗೆ ಕಂಡರೆ, ಬಣ್ಣ ಅಂಚಿನುದ್ದಕ್ಕೂ ಒಳತನಕ ಇದ್ದರೆ ಲಿನೋಲಿಯಂ. ಹಿಂಬದಿಯಲ್ಲಿ ಕಾಗದದಂಥ ಬೂದು ಪದರ, ಮೇಲೆ ಪಾರದರ್ಶಕ ಹೊಳಪು, ನಡುವೆ ಮುದ್ರಿಸಿದ ಚಿತ್ತಾರ ಇದ್ದರೆ ಅದು ಬೇರೆ ಜಾತಿ.

ಇಲ್ಲಿ ಸಲುಗೆ ಬೇಡ. ಹಳೆಯ ವಿನೈಲ್ ಹಾಳೆಗಳ ಹಿಂಬದಿಯ ಕಾಗದದಲ್ಲಿ, ಒಂಬತ್ತು ಇಂಚಿನ ಚೌಕ ಟೈಲುಗಳಲ್ಲಿ, ಅವುಗಳ ಅಡಿಯ ಕಪ್ಪು ಡಾಂಬರಿನಂಥ ಅಂಟಿನಲ್ಲಿ ಆಸ್ಬೆಸ್ಟಾಸ್ (ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಕೆಡಿಸುವ ಖನಿಜ ನಾರು) ಇರುವ ಸಾಧ್ಯತೆ ದೊಡ್ಡದು. ಹಾಳೆ ಶುದ್ಧ ಲಿನೋಲಿಯಂ ಆಗಿದ್ದರೂ ಅದರಡಿಯ ಅಂಟು ಸುರಕ್ಷಿತ ಎನ್ನಲಾಗದು. ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸಲು ಯಾರಿಗೂ ಆಗುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಉತ್ತರ ಬರುವವರೆಗೆ ಉಜ್ಜಬೇಡಿ, ಕೆರೆಯಬೇಡಿ, ಮುರಿಯಬೇಡಿ, ಒಣ ಪೊರಕೆ ಹಿಡಿದು ಗುಡಿಸಬೇಡಿ. ಆಸ್ಬೆಸ್ಟಾಸ್ ಇದೆ ಎಂದಾದರೆ ಆ ಕೆಲಸಕ್ಕೆ ತರಬೇತಿ ಪಡೆದವರನ್ನು ಕರೆಸಿ. ಕಟ್ಟೆಯ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ: ಹಳೆ ಹಲಗೆಯನ್ನು ಹಾಗೇ ಬಿಟ್ಟು ಮೇಲೆ ಹೊಸ ಪ್ಲೈವುಡ್ ಕೂರಿಸಿದರೆ ಎಷ್ಟೋ ಸಲ ಅದನ್ನು ಕೆದಕುವ ಪ್ರಸಂಗವೇ ಬರುವುದಿಲ್ಲ. ಹಳೆ ಬಣ್ಣ ಬಳಿದ ಮರವಿದ್ದರೆ ಸೀಸದ ಪರೀಕ್ಷೆಯನ್ನೂ ಮಾಡಿಸಿ.

ಇರುವುದು ಒಳ್ಳೆಯ ಲಿನೋಲಿಯಮ್ಮೇ ಆಗಿದ್ದು, ಅಂಟು ಬಿಡದೆ, ಬಿರುಕಿಲ್ಲದೆ ಕೂತಿದ್ದರೆ ಕಿತ್ತುಹಾಕುವ ಆತುರ ಬೇಡ. ಮಂಕಾಗಿ ಕಾಣುವುದು ಬಹಳ ಸಲ ವರ್ಷಗಳಿಂದ ಪದರ ಪದರವಾಗಿ ಕೂತ ಮೇಣದ ದೆಸೆಯಿಂದ. ಕಿಟಕಿ ತೆರೆದಿಟ್ಟು, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಬಟ್ಟೆಗೆ ತುಸು ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡಲು ಬಳಸುವ ಖನಿಜ ಟರ್ಪೆಂಟೈನ್) ಹಾಕಿ ಒರೆಸಿದರೆ ಮೇಣ ಎದ್ದು ಅಡಿಯ ಬಣ್ಣ ಹೊರಬರುತ್ತದೆ. ಬೆಂಕಿಯ ಹತ್ತಿರ ಈ ಕೆಲಸ ಬೇಡ.

ಎರಡನೇ ಹಂತ: ಎಲ್ಲಿಗೆ ಹಾಕುವುದು, ಎಲ್ಲಿಗೆ ಬೇಡ

ಉಗ್ರಾಣದ ಕಟ್ಟೆ, ಹಿಟ್ಟು ನಾದುವ ಮೇಜು, ಓದುವ ಮೇಜು, ಕಪಾಟಿನ ಹಲಗೆ, ಡ್ರಾಯರಿನ ತಳ, ಕಿಟಕಿಯ ಪಕ್ಕದ ಕೂರುವ ಹಲಗೆ, ಇವೆಲ್ಲ ಲಿನೋಲಿಯಂಗೆ ಹೇಳಿ ಮಾಡಿಸಿದ ಜಾಗಗಳು. ಓದುವ ಮೇಜಿನ ಮೇಲಂತೂ ಅದಕ್ಕೆ ಸಾಟಿಯಿಲ್ಲ. ಮುಟ್ಟಿದರೆ ಕಲ್ಲಿನಂತೆ ತಣ್ಣಗಿರುವುದಿಲ್ಲ, ಬೆಳಕಿಗೆ ಕಣ್ಣು ಕುಕ್ಕುವುದಿಲ್ಲ, ಕಾಗದದ ಮೇಲೆ ಪೆನ್ನು ಒತ್ತಿ ಬರೆದರೆ ಅಡಿಯಲ್ಲಿ ಸ್ವಲ್ಪ ಮೆತ್ತಗಿರುತ್ತದೆ.

ಸಿಂಕಿನ ಆಚೀಚೆ ಹಾಕಬಹುದು, ಆದರೆ ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ಪಾತ್ರೆ ತೊಳೆದು ಬೋರಲು ಹಾಕುವ ಜಾಗದಲ್ಲಿ ಸ್ಟೀಲಿನ ತಟ್ಟೆಯನ್ನೋ ಕಲ್ಲಿನ ಹಲಗೆಯನ್ನೋ ಕೂರಿಸಿ, ಅದರಾಚೆಗೆ ಲಿನೋಲಿಯಂ ಶುರುಮಾಡುವುದು ಜಾಣತನ. ಒಲೆಯ ಪಕ್ಕದ್ದೂ ಇದೇ ಮಾತು: ಇಳಿಸಿದ ಪಾತ್ರೆ ಇಡಲು ಒಂದು ಟೈಲಿನ ಅಥವಾ ಲೋಹದ ಪಟ್ಟೆ ಇರಲಿ. ಬಚ್ಚಲುಮನೆಯ ಕಟ್ಟೆಗೆ ಬೇಡವೇ ಬೇಡ.

ಹಳೆ ಮನೆಗಳ ಗೋಡೆಯ ಕೆಳಭಾಗದಲ್ಲಿ ಉಬ್ಬು ಚಿತ್ತಾರದ, ಮೇಲಿಂದ ಮೇಲೆ ಬಣ್ಣ ಬಳಿದ ಗಟ್ಟಿ ಹೊದಿಕೆ ಕಂಡರೆ ಅದು ಲಿಂಕ್ರಸ್ಟಾ ಆಗಿರಬಹುದು. ವಾಲ್ಟನ್ನೇ 1877ರಲ್ಲಿ ಗೋಡೆಗೆಂದು ಮಾಡಿದ ಅಗಸೆ ಎಣ್ಣೆಯ ವಸ್ತು ಅದು. ಕಟ್ಟೆ ಬದಲಿಸುವ ಭರದಲ್ಲಿ ಅದನ್ನು ಕೆತ್ತಿಹಾಕಿ ಆಮೇಲೆ ಕೈ ಕೈ ಹಿಸುಕಿಕೊಂಡವರಿದ್ದಾರೆ.

ಮೂರನೇ ಹಂತ: ಹಾಳೆ ಆರಿಸುವುದು

ಎರಡು ಬಗೆ ಸಿಗುತ್ತವೆ. ನೆಲದ ಲಿನೋಲಿಯಂಗೆ ಸೆಣಬಿನ ಬೆನ್ನು. ಸಾಮಾನ್ಯವಾಗಿ 2ರಿಂದ 2.5 ಮಿ.ಮೀ. ದಪ್ಪ, 2 ಮೀಟರ್ ಅಗಲದ ಸುರುಳಿ. ಪೀಠೋಪಕರಣದ ಲಿನೋಲಿಯಂಗೆ ಕಾಗದದ ಬೆನ್ನು; ಮೇಲ್ಮೈ ನುಣುಪು, ಬಣ್ಣ ಹೆಚ್ಚಾಗಿ ಏಕರೂಪ. ಮೇಜು, ಕಪಾಟಿನ ಬಾಗಿಲುಗಳಿಗೆ ಎರಡನೆಯದೇ ಚೆಂದ. ದಿನವಿಡೀ ಪಾತ್ರೆ ಎಳೆದಾಡುವ ಕಟ್ಟೆಗೆ, ಹಳೆಯ ಕಾಲದ ಅಮೃತಶಿಲೆಯಂಥ ಬಣ್ಣದೆಳೆಗಳು ಬೇಕೆನ್ನುವವರಿಗೆ ಮೊದಲನೆಯದು ಸರಿ.

ಬೇಕಾದ್ದೆಲ್ಲವನ್ನೂ ಒಂದೇ ಸುರುಳಿಯಿಂದ ತೆಗೆದುಕೊಳ್ಳಿ. ತಯಾರಿಕೆಯ ಬ್ಯಾಚು ಬದಲಾದರೆ ಬಣ್ಣವೂ ತುಸು ಬದಲಾಗುತ್ತದೆ. ಸುಮಾರು 60 ಸೆಂ.ಮೀ. ಆಳದ ಕಟ್ಟೆಗೆ 2 ಮೀಟರ್ ಅಗಲದ ಸುರುಳಿಯಿಂದ ಮೂರು ಪಟ್ಟಿ ಬರುತ್ತವೆ. ಸುರುಳಿಯ ಉದ್ದವೇ ಕಟ್ಟೆಯ ಉದ್ದಕ್ಕೆ ಬರುವಂತೆ ಕತ್ತರಿಸಿದರೆ ಎಷ್ಟೋ ಕಡೆ ಜೋಡಣೆಯೇ ಇಲ್ಲದೆ ಮುಗಿಸಬಹುದು.

ಹೊಸ ಹಾಳೆ ಬಿಚ್ಚಿದಾಗ ಅರಿಶಿನ ಛಾಯೆ ಕಂಡು ಬಣ್ಣ ತಪ್ಪಾಯಿತೆಂದು ಹೌಹಾರುವವರು ತುಂಬ ಮಂದಿ. ಕತ್ತಲಲ್ಲಿ ಇದ್ದ ಅಗಸೆ ಎಣ್ಣೆ ಹಳದಿಗೆ ತಿರುಗುವುದು ಸಹಜ. ಬೆಳಕಿಗೆ ಇಟ್ಟರೆ ಅದು ತಾನಾಗಿ ಹೋಗುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಕಡೆ ಬೇಗ, ಮಬ್ಬು ಮೂಲೆಯಲ್ಲಿ ನಿಧಾನವಾಗಿ. ಕಟ್ಟೆಯ ಮೇಲೆ ಬಹಳ ಕಾಲ ಒಂದು ಡಬ್ಬಿ ಅಲುಗದೆ ಕೂತಿದ್ದರೆ ಅದರಡಿ ಹಳದಿ ವೃತ್ತ ಮೂಡುವುದೂ ಇದೇ ಕಾರಣಕ್ಕೆ. ಡಬ್ಬಿ ಸರಿಸಿ, ಕೆಲವು ದಿನ ಬಿಡಿ. ತಿಕ್ಕಬೇಡಿ.

ನಾಲ್ಕನೇ ಹಂತ: ತಳದ ಹಲಗೆ

ಹಳೆ ಕಟ್ಟೆಗಳು ಹೆಚ್ಚಾಗಿ ಪಟ್ಟಿ ಪಟ್ಟಿ ಹಲಗೆಗಳದ್ದು. ಅವುಗಳ ಮೇಲೆ ನೇರವಾಗಿ ಅಂಟಿಸಿದರೆ ಕೆಲವೇ ತಿಂಗಳಲ್ಲಿ ಪ್ರತಿ ಸಂದಿಯೂ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ. ಹಲಗೆ ಗಟ್ಟಿಯಿದ್ದರೆ ಮೇಲೆ 6 ಮಿ.ಮೀ. ಪ್ಲೈವುಡ್ ಬಿಗಿಯಿರಿ. ಇಲ್ಲವಾದರೆ ಹೊಸದಾಗಿ 18 ಮಿ.ಮೀ. ನೀರು ತಡೆಯುವ ಪ್ಲೈವುಡ್ ಹಾಕಿ. ಸಿಂಕಿನ ಹತ್ತಿರ ಪಾರ್ಟಿಕಲ್ ಬೋರ್ಡ್ ಬೇಡ. ಒಮ್ಮೆ ನೀರು ಕುಡಿದರೆ ಊದಿಕೊಂಡು ಮತ್ತೆ ಮೊದಲಿನಂತಾಗುವುದಿಲ್ಲ.

ತಿರುಪಿನ ತಲೆಗಳನ್ನು ಮೇಲ್ಮೈಗಿಂತ ತುಸು ಒಳಗಿಳಿಸಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ. ಕತ್ತಲಾದ ಮೇಲೆ ಟಾರ್ಚನ್ನು ಹಲಗೆಯ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ: ಹಗಲಲ್ಲಿ ಕಾಣದ ಉಬ್ಬು ತಗ್ಗುಗಳೆಲ್ಲ ನೆರಳು ಬಿಟ್ಟು ತಾವೇ ತೋರಿಸಿಕೊಳ್ಳುತ್ತವೆ. ಲಿನೋಲಿಯಂ ಏನನ್ನೂ ಮುಚ್ಚಿಡುವುದಿಲ್ಲ. ಅಡಿಯಲ್ಲಿ ಸಿಕ್ಕ ಒಂದು ಮರಳ ಕಣವೂ ಮೇಲೆ ಮೊಡವೆಯಾಗಿ ಕಾಣುತ್ತದೆ. ಆದ್ದರಿಂದ ಗುಡಿಸಿ ಬಿಟ್ಟರೆ ಸಾಲದು, ವ್ಯಾಕ್ಯೂಮ್ ಹಾಕಿ, ಅಂಗೈ ಆಡಿಸಿ ನೋಡಿ.

ಬಿಡಿ ಮೇಜಿನ ಹಲಗೆಗೋ ಕಪಾಟಿನ ಬಾಗಿಲಿಗೋ ಒಂದೇ ಬದಿಗೆ ಹಾಳೆ ಅಂಟಿಸಿದರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಅಲ್ಲಿ ಹಿಂಬದಿಗೂ ಅಂಥದ್ದೇ ಒಂದು ಪದರ ಅಂಟಿಸಬೇಕು. ಕೆಳಗಿನ ಆಧಾರಕ್ಕೆ ಬಿಗಿದು ಕೂರಿಸಿದ ಕಟ್ಟೆಗೆ ಈ ತೊಂದರೆ ಕಡಿಮೆ.

ಐದನೇ ಹಂತ: ಅಂಚನ್ನು ಈಗಲೇ ತೀರ್ಮಾನಿಸಿ

ಹಾಳೆ ಅಂಟಿಸಿ ಆಮೇಲೆ ಅಂಚಿನ ಯೋಚನೆ ಮಾಡೋಣ ಎಂದುಕೊಂಡರೆ ಕೆಟ್ಟಿರಿ. ಯಾವ ಅಂಚು ಎನ್ನುವುದರ ಮೇಲೆ ಹಾಳೆಯ ಅಳತೆಯೇ ಬದಲಾಗುತ್ತದೆ.

ಲೋಹದ ಪಟ್ಟಿ ಹಳೆ ಮನೆಗೆ ಒಪ್ಪುವ ರೂಪ. ಅಲ್ಯುಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲಿನದು, ನಡುವೆ ಅಡ್ಡಗೆರೆಗಳಿರುವಂಥದ್ದು. ಕೆಲವನ್ನು ತಿರುಪಿನಿಂದ ಬಿಗಿಯುತ್ತಾರೆ. ಕೆಲವಕ್ಕೆ ಹಿಂದೆ ನಾಲಿಗೆಯಿದ್ದು, ಹಲಗೆಯ ಅಂಚಿನಲ್ಲಿ ಗರಗಸದಿಂದ ಸಣ್ಣ ತೋಡು ಕೊರೆದು ಬಡಿದು ಕೂರಿಸಬೇಕು. ಪಟ್ಟಿಯ ಮೇಲಿನ ತುಟಿ ಹಾಳೆಯ ಮೇಲೆ ಕೂರುವ ಬಗೆಯದಾದರೆ, ಆ ತುಟಿಯ ಅಡಿಗೆ ಸಿಲಿಕೋನ್ ಸೀಲೆಂಟಿನ ಸಣ್ಣ ಗೆರೆ ಎಳೆದೇ ಕೂರಿಸಿ. ಹಳೆ ಕಟ್ಟೆಗಳಲ್ಲಿ ಕೊಳೆತದ್ದು ಕಾಣುವುದು ಹೆಚ್ಚಾಗಿ ಆ ತುಟಿಯಡಿಯಲ್ಲೇ, ಒಣಬಟ್ಟೆ ತಲುಪದ ಆ ಒಂದು ಗೆರೆಯಲ್ಲಿ.

ಗಟ್ಟಿಮರದ ಪಟ್ಟಿ ನನ್ನ ಮೆಚ್ಚಿನದು. ಹಲಗೆಯ ಮುಂದಂಚಿಗೆ ಮರದ ಪಟ್ಟಿಯನ್ನು, ಹಾಳೆಯ ದಪ್ಪದಷ್ಟು ಎತ್ತರ ಬಿಟ್ಟು, ಅಂಟು ಹಾಕಿ ಬಿಗಿಯಿರಿ. ಹಾಳೆ ಅದರ ಹಿಂದೆ ಅಡಗಿ ಕೂರುತ್ತದೆ. ಹಾಳೆಯ ಅಂಚು ಹೊರಗೆ ಕಾಣುವುದೂ ಇಲ್ಲ, ಸೊಂಟ ತಾಗಿ ಸವೆಯುವುದೂ ಇಲ್ಲ. ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು.

ಮೂರನೆಯದು, ಮೊದಲೇ ಮರದ ಪಟ್ಟಿ ಹೊಡೆದು ಅದರ ಮೇಲೆಯೂ ಹಾಳೆ ಹಾಸಿ, ಅಂಚನ್ನು ಓರೆಯಾಗಿ ಕೆತ್ತಿಬಿಡುವುದು. ಹಾಳೆಯ ಬಣ್ಣದ ಗೆರೆ ಸುತ್ತಲೂ ಕಾಣುತ್ತದೆ, ನೋಡಲು ಸುಂದರ. ಮೇಜಿಗೆ ಸರಿ, ಒದ್ದೆಯಾಗುವ ಕಟ್ಟೆಗೆ ಅಲ್ಲ.

ಗೋಡೆಯ ಬದಿಯಲ್ಲಿ ಹಳಬರು ಹಾಳೆಯನ್ನೇ ಮೇಲಕ್ಕೆ ಬಾಗಿಸಿ ಗೋಡೆಗೆ ಹತ್ತಿಸುತ್ತಿದ್ದರು. ಸಂದಿಯೇ ಇರದ ಉತ್ತಮ ಉಪಾಯ, ಆದರೆ ಬಿಸಿ ಮಾಡಿ ಹದವಾಗಿ ಬಾಗಿಸುವ ಕೈ ಬೇಕು. ಹೊಸಬರು ಬಾಗಿಸಹೋದರೆ ಬಿರಿಯುತ್ತದೆ. ಬದಲಿಗೆ ಗೋಡೆಗೆ ಮರದ ಅಥವಾ ಟೈಲಿನ ಪಟ್ಟಿ ಕೂರಿಸಿ, ಬುಡಕ್ಕೆ ಸೀಲೆಂಟ್ ತುಂಬಿ.

ಆರನೇ ಹಂತ: ಹಾಳೆಯನ್ನು ಪಳಗಿಸಿ ಕತ್ತರಿಸುವುದು

ಸುರುಳಿಯನ್ನು ಕೆಲಸದ ಕೋಣೆಯಲ್ಲೇ, 18 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬೆಚ್ಚಗಿನಲ್ಲಿ, ಕನಿಷ್ಠ 24 ಗಂಟೆ ಇಡಿ. ತಣ್ಣಗಿನ ಲಿನೋಲಿಯಂ ಬಿಚ್ಚುವಾಗಲೇ ಸೀಳುತ್ತದೆ.

ಕಟ್ಟೆಗೆ ದಪ್ಪ ಕಾಗದ ಹಾಸಿ ಮಾದರಿ ತೆಗೆಯಿರಿ. ಹಳೆ ಮನೆಯ ಗೋಡೆ ನೇರವಿರುತ್ತದೆ ಎಂದು ನಂಬಬೇಡಿ. ಟೇಪು ಹಿಡಿದು ಎರಡು ತುದಿ ಅಳೆದರೆ ನಡುವಿನ ಹೊಟ್ಟೆ ತಪ್ಪಿಹೋಗುತ್ತದೆ. ಮಾದರಿಯನ್ನು ಹಾಳೆಗೆ ಗುರುತು ಹಾಕಿ, ಮರದ ಪಟ್ಟಿಗೆ ತಾಗುವ ಬದಿ ಬಿಟ್ಟು ಉಳಿದೆಡೆ ಒಂದೆರಡು ಸೆಂ.ಮೀ. ಹೆಚ್ಚಿಟ್ಟು ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಹೋಗಬೇಡಿ. ಮೊದಲು ಚೂಪಾದ ಬ್ಲೇಡಿನಿಂದ ಮೇಲ್ಮೈಯಲ್ಲಿ ಗೀರು ಹಾಕಿ, ಆಮೇಲೆ ಕೊಕ್ಕೆ ಬ್ಲೇಡನ್ನು ಅದೇ ಗೀರಿನಲ್ಲಿ ಎಳೆದರೆ ಸೆಣಬೂ ಸೇರಿ ಸಲೀಸಾಗಿ ಬಿಡುತ್ತದೆ. ಬ್ಲೇಡು ಮೊಂಡಾದ ಕೂಡಲೇ ಬದಲಿಸಿ, ಅದರಲ್ಲಿ ಜಿಪುಣತನ ಬೇಡ.

ಏಳನೇ ಹಂತ: ಅಂಟಿಸುವುದು

ಸೆಣಬಿನ ಬೆನ್ನಿನ ಹಾಳೆಗೆ ಲಿನೋಲಿಯಂಗೆಂದೇ ಇರುವ ಅಂಟನ್ನು, ಹಲ್ಲಿನ ಕರಣೆಯಿಂದ ಹಲಗೆಗೆ ಹರಡಿ, ಹಸಿಯಿರುವಾಗಲೇ ಹಾಳೆ ಕೂರಿಸಬೇಕು. ತುಸು ಆಚೀಚೆ ಸರಿಸಲು ಅವಕಾಶವಿರುತ್ತದೆ. ಅಂಟಿನ ತೇವ ಸೆಣಬಿಗೆ ತಾಗಿದಾಗ ಹಾಳೆ ಉದ್ದದಲ್ಲಿ ಸ್ವಲ್ಪ ಕುಗ್ಗಿ ಅಗಲದಲ್ಲಿ ಸ್ವಲ್ಪ ಹಿಗ್ಗುತ್ತದೆ. ಅಂಚನ್ನು ಅಂತಿಮವಾಗಿ ಕತ್ತರಿಸುವುದು ಅಂಟು ಹಿಡಿದ ಮೇಲೆಯೇ ಇರಲಿ ಎನ್ನುವುದು ಅದಕ್ಕೇ. ಮರದ ಪಟ್ಟಿಯ ಹಿಂದೆ ಕೂರಿಸುವವರು ಪಟ್ಟಿಯ ಬದಿಯನ್ನು ಮೊದಲು ತಾಗಿಸಿ, ಹೆಚ್ಚಿನದನ್ನು ಗೋಡೆಯ ಬದಿಗೆ ಬಿಡಿ.

ಕಾಗದದ ಬೆನ್ನಿನ ಹಾಳೆಗೆ ಕಾಂಟ್ಯಾಕ್ಟ್ ಅಂಟು ಕೂಡ ನಡೆಯುತ್ತದೆ. ಎರಡೂ ಬದಿಗೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಸೇರಿಸಬೇಕು. ಒಮ್ಮೆ ಮುಟ್ಟಿತೆಂದರೆ ಮುಗಿಯಿತು, ಅಲುಗಿಸಲಾಗದು. ಅದಕ್ಕೆ ನಡುವೆ ಅಡ್ಡಡ್ಡ ಕೋಲುಗಳನ್ನಿಟ್ಟು, ಹಾಳೆಯನ್ನು ಅವುಗಳ ಮೇಲೆ ಸರಿಯಾಗಿ ಹೊಂದಿಸಿ, ಒಂದೊಂದೇ ಕೋಲು ಎಳೆಯುತ್ತಾ ಒತ್ತುತ್ತಾ ಹೋಗಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ.

ಯಾವ ಅಂಟಾದರೂ ನಡುವಿನಿಂದ ಅಂಚಿನತ್ತ ಕೈರೋಲರ್ ಉರುಳಿಸಿ ಗಾಳಿ ಹೊರಡಿಸಿ, ಮೈಭಾರ ಹಾಕಿ. ಹಸಿ ಅಂಟಾದರೆ ಮೇಲೆ ಶುಭ್ರ ಕಾಗದ, ಅದರ ಮೇಲೆ ಚಪ್ಪಟೆ ಹಲಗೆ, ಅದರ ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಹೊರಚಾಚಿದ ಅಂಚನ್ನು ಮರುದಿನ ಬಡಗಿಯ ಟ್ರಿಮ್ಮರ್‌ನಿಂದಲೋ ಹರಿತ ಬ್ಲೇಡಿನಿಂದಲೋ ತೆಗೆಯಿರಿ.

ಎಂಟನೇ ಹಂತ: ಸಿಂಕಿನ ಸುತ್ತ

ಹಾಳೆಯ ಮೇಲೆ ಅಂಚು ಕೂರುವ ಸಿಂಕೇ ಆಗಬೇಕು. ಕಟ್ಟೆಯ ಅಡಿಯಿಂದ ಕೂರಿಸುವ ಬಗೆಯಲ್ಲಿ ಹಾಳೆಯ ಕತ್ತರಿಸಿದ ಬಾಯಿ ನೀರಿಗೆ ತೆರೆದಿರುತ್ತದೆ, ಅದಕ್ಕೆ ಪರಿಹಾರವಿಲ್ಲ. ತೂತು ಕತ್ತರಿಸಿದ ಮೇಲೆ ಹಲಗೆಯ ಬರಿಮೈಗೆ ಎಪಾಕ್ಸಿ ಅಥವಾ ವಾರ್ನಿಷನ್ನು ಎರಡು ಸಲ ಬಳಿದು ಒಣಗಿಸಿ. ಅದು ಪ್ಲೈವುಡ್ಡಿನ ಪದರಗಳ ಬಾಯಿ ಮುಚ್ಚುತ್ತದೆ. ನಂತರ ಸಿಂಕಿನ ಅಂಚಿನಡಿ ಎಲ್ಲೂ ತುಂಡಾಗದಂತೆ ಸೀಲೆಂಟ್ ಎಳೆದು ಕೂರಿಸಿ, ಸುತ್ತಲೂ ಹೊರಬಂದದ್ದನ್ನು ಒರೆಸಿ. ಹೊರಬರಲೇ ಇಲ್ಲವೆಂದರೆ ಸೀಲೆಂಟ್ ಸಾಲದೆ ಹೋಗಿದೆ ಎಂದೇ ಅರ್ಥ, ಎತ್ತಿ ಮತ್ತೆ ಹಾಕಿ. ನಲ್ಲಿಯನ್ನು ಲಿನೋಲಿಯಂ ಕೊರೆದು ಕೂರಿಸುವ ಬದಲು ಸಿಂಕಿನ ಮೇಲೆಯೋ ಗೋಡೆಗೋ ಹಾಕಿಸಿ.

ಮೇಣ, ಒರೆಸುವುದು, ರಿಪೇರಿ

ಈಗ ಬರುವ ಅನೇಕ ಹಾಳೆಗಳಿಗೆ ಕಾರ್ಖಾನೆಯಲ್ಲೇ ರಕ್ಷಣೆಯ ಲೇಪ ಇರುತ್ತದೆ. ಅದರ ಮೇಲೆ ಮೇಣ ಹಿಡಿಯದು. ಲೇಪವಿಲ್ಲದ ಹಾಳೆಗೆ ಗಟ್ಟಿ ಮೇಣವನ್ನು ತೆಳ್ಳಗೆ ಎರಡು ಮೂರು ಸಲ, ಪ್ರತಿ ಸಲವೂ ಒಣಗಿಸಿ ಉಜ್ಜುತ್ತಾ ಹಚ್ಚಿ. ನೀರಿನ ಹನಿ ಮಣಿಯಂತೆ ನಿಲ್ಲುವುದು ಬಿಟ್ಟು ಹರಡತೊಡಗಿದಾಗ ಮತ್ತೆ ಹಚ್ಚುವ ಸಮಯ. ಯಾರಾದರೂ ಅಗಸೆ ಎಣ್ಣೆಯನ್ನೇ ಬಳಿಯಿರಿ ಎಂದರೆ ಒಪ್ಪಬೇಡಿ: ಅಂಟಂಟಾಗಿ ಧೂಳು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆ ಕೈಗೆ ಬಂದಿದ್ದರೆ ಹೊರಗೆ ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿ ಮುಚ್ಚಳದ ಲೋಹದ ಡಬ್ಬಿಯಲ್ಲಿಡಿ.

ದಿನನಿತ್ಯಕ್ಕೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ, ಬೇಕಾದರೆ ಕ್ಷಾರವಿಲ್ಲದ ಸೌಮ್ಯ ಸೋಪು. ವಾಷಿಂಗ್ ಸೋಡಾ, ಅಮೋನಿಯಾ, ಬ್ಲೀಚು, ಒಲೆ ತಿಕ್ಕುವ ಪುಡಿ ಯಾವುದೂ ಕೂಡದು. ತರಕಾರಿ ಹೆಚ್ಚಲು ಮಣೆ ಬೇಕೇ ಬೇಕು.

ಗುಳ್ಳೆ ಎದ್ದರೆ ಚಿತ್ತಾರದ ಎಳೆಯ ಜಾಡಿನಲ್ಲೇ ಸಣ್ಣದಾಗಿ ಸೀಳಿ, ಸಿರಿಂಜಿನಿಂದ ಅಂಟು ತಳ್ಳಿ, ಹೊರಬಂದದ್ದನ್ನು ಒರೆಸಿ, ಭಾರ ಇಡಿ. ಮೇಲೆ ಮೇಲೆ ಸುಟ್ಟ ಗುರುತನ್ನು ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆದು ಮೇಣ ಹಚ್ಚಬಹುದು. ಹೊಸದಾಗಿ ಹಾಕಿದ ಹಾಳೆಗಷ್ಟೇ ಈ ಉಪಾಯ. ಪರೀಕ್ಷೆಯಾಗದ ಹಳೆಯದನ್ನು ಉಜ್ಜಬೇಡಿ.

ಆಳವಾದ ಗೀರು ಅಥವಾ ಕಿತ್ತುಹೋದ ಚೂರಿಗೆ ಹೀಗೆ ಮಾಡಿ. ಉಳಿದ ತುಂಡಿನ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆದು ಹಿಟ್ಟಿನಷ್ಟು ನಯವಾದ ಪುಡಿ ತೆಗೆಯಿರಿ. ಸೆಣಬಿನ ನಾರು ಬೆರೆಯದಿರಲಿ. ಮರಕ್ಕೆ ಹಾಕುವ ಬಿಳಿ ಅಂಟಿನೊಂದಿಗೆ, ಪುಡಿ ಹೆಚ್ಚು ಅಂಟು ಕಡಿಮೆಯಿರುವಂತೆ ಗಟ್ಟಿಯಾಗಿ ಕಲಸಿ. ಗೀರಿನ ಎರಡೂ ಬದಿಗೆ ಟೇಪು ಹಚ್ಚಿ, ಸ್ವಲ್ಪ ಉಬ್ಬಿರುವಂತೆ ತುಂಬಿ ಟೇಪು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಮಟ್ಟಕ್ಕೆ ಉಜ್ಜಿ ಮೇಣ ಹಚ್ಚಿದರೆ ಗೊತ್ತಿದ್ದವರಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. ಇದಕ್ಕಾಗಿಯೇ ಕತ್ತರಿಸಿ ಉಳಿದ ತುಂಡುಗಳನ್ನು ಎಸೆಯದೆ, ಹಿಂದೆ ಸುರುಳಿಯ ಸಂಖ್ಯೆ ಬರೆದು, ಕಪಾಟಿನ ತಳದಲ್ಲಿ ಮಡಚದೆ ಚಪ್ಪಟೆಯಾಗಿ ಇಟ್ಟುಕೊಳ್ಳಿ. ತೆಗೆದಾಗ ಹಳದಿಯಾಗಿದ್ದರೆ ಪುಡಿ ಮಾಡುವ ಮುನ್ನ ಕೆಲವು ದಿನ ಕಿಟಕಿಯ ಬೆಳಕಿಗಿಡಿ.